ಮೂಕಪ್ರಾಣಿಗಳನ್ನು ಪ್ರಶ್ನಿಸುವ ಬಗೆ

ಸೋಮಾರಿಗೆ ಇರುವೆಯೇ ಗುರುವಾಗಲೆಂಬ ಸೊಲೊಮೋನನ ಉಪದೇಶವನ್ನು ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಕೇಳದೆ ನಮ್ಮ ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿನಿಯು ಒಬ್ಬಳಾದರೂ ಇರಲಾರಳು. ಪ್ರಾಣಿಗಳಿಂದ ಮನುಷ್ಯನು ಕಲಿಯತಕ್ಕದ್ದು ಬಹಳವುಂಟೆಂಬುದನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಒಪ್ಪಿಕೊಂಡೆವು. ಆದರೆ ಆ ಪ್ರಾಣಿಗಳು ತಾವು ಹೇಗೆ ಕಲಿಯುತ್ತವೆ, ಯಾವುದನ್ನು ಒಂದೇ ಸಾರಿಗೆ ಕಲಿಯುತ್ತವೆ, ಯಾವುದನ್ನು ನೂರು ಸಾರಿ ತೋರಿಸಿದರೂ ಕಲಿಯಲಾರವು ಎಂಬುದನ್ನು ವಿಚಾರಿಸುವ ಅವಕಾಶವು ನಮಗೆ ಬಹಳ ತಡವಾಗಿ ಒದಗಿತು. ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ ಈ ವಿಷಯವನ್ನೇ ಆರಿಸಿಕೊಂಡೆವು. ಹೆಣ್ಣುಮಕ್ಕಳ ಶಾಲೆಗೂ ಇಲಿ, ಮಂಗ, ಜೇನುಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು; ಅದನ್ನು ಕ್ರಮವಾಗಿ ಹೇಳುವೆವು.

ನಾವು ಈಗ ವಾಸಮಾಡುತ್ತ ಪಾಠ ಹೇಳುತ್ತಿರುವ ಸಂಡೂರು ಸೀಮೆಯು ಇಂಥ ವಿಚಾರಕ್ಕೆ ತಕ್ಕ ನೆಲವಾಗಿದೆ. ಈ ತಾಲೂಕಿನ ದರೋಜಿಯಲ್ಲಿ 1994ನೆಯ ಇಸವಿಯಲ್ಲಿ ಕರಡಿಧಾಮವು ಸ್ಥಾಪಿತವಾಯಿತು. ಅಲ್ಲಿನ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿದಿಡಲು, ಹೊತ್ತು ಇಳಿಯುವ ವೇಳೆಗೆ ಕರಡಿಗಳು ಮರಿಗಳನ್ನು ಬೆನ್ನಿನ ಮೇಲೆ ಹೊತ್ತುಕೊಂಡು ಬರುವುದನ್ನು ಕಾವಲುಗೋಪುರದಿಂದ ನೋಡಿದವರು ನಿಮ್ಮಲ್ಲಿಯೂ ಅನೇಕರಿರಬಹುದು. ಕರಡಿಯು ಹೊತ್ತನ್ನು ಕಲಿತುಕೊಂಡಿತೆಂದು ನೋಡಿದವರು ಹೇಳುವರು. ಆದರೆ ಅದು ಕಲಿತದ್ದು ಏನನ್ನು? ಗಾಳಿಯಲ್ಲಿ ಬರುವ ಬೆಲ್ಲದ ವಾಸನೆಯನ್ನೋ, ಸೂರ್ಯನು ಇಳಿಯುವ ಪರಿಯನ್ನೋ, ಪಾಕವನ್ನು ತರುವ ಕಾವಲುಗಾರನ ಹೆಜ್ಜೆಯ ಸಪ್ಪಳವನ್ನೋ? ಮೂರೂ ಒಟ್ಟಿಗೇ ಬರುತ್ತಿರುವಾಗ ಗೋಪುರದ ಮೇಲೆ ವರ್ಷಗಟ್ಟಲೆ ಕುಳಿತು ನೋಡಿದರೂ ಉತ್ತರವು ದೊರೆಯದು. ಹೆಜ್ಜೆಯ ಸಪ್ಪಳವಿಲ್ಲದೆ ವಾಸನೆಯನ್ನು, ವಾಸನೆಯಿಲ್ಲದೆ ಸಪ್ಪಳವನ್ನು, ಬೇರೆ ಹೊತ್ತಿನಲ್ಲಿ ಇವೆರಡನ್ನೂ ಕೊಟ್ಟು ನೋಡಬೇಕು. ಕೂಡಿಕೊಂಡಿರುವುದನ್ನು ಬಿಡಿಸಿ ಒಂದೊಂದಾಗಿ ಮುಂದಿಡುವುದೇ ಮೂಕಪ್ರಾಣಿಯನ್ನು ಪ್ರಶ್ನಿಸುವ ಬಗೆ. ಇದಕ್ಕೇ ಪ್ರಯೋಗವೆಂದು ಹೆಸರು.

ಇನ್ನು ನಮ್ಮ ಹೊಲಗಳ ಇಲಿಗಳ ಸಂಗತಿಯನ್ನು ನೋಡೋಣ. ಜೋಳ, ಶೇಂಗಾಗಳನ್ನು ಬೆಳೆಯುವ ರೈತನಿಗೆ ಇಲಿಯ ಜಾಣತನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಾಷಾಣ ಬೆರೆಸಿದ ಕಾಳನ್ನು ಮೊದಲ ದಿನವೇ ಇಟ್ಟರೆ ಇಲಿಯು ಹೊಸ ತಿನಿಸೆಂದು ಅಂಜಿ, ಒಂದೆರಡು ಕಾಳನ್ನು ಮಾತ್ರ ಕಡಿದು ಹೋಗುವುದು. ಸಾಯುವಷ್ಟು ವಿಷವು ಹೊಟ್ಟೆಗೆ ಸೇರದೆ ಕೆಲವು ಘಂಟೆಗಳ ಕಾಲ ನರಳಿ ಬದುಕಿಕೊಳ್ಳುವುದು. ಬಳಿಕ ಆ ತಿನಿಸನ್ನು ಮೂಸಿಯೂ ನೋಡದು. ಆದಕಾರಣವೇ ಜಿಂಕ್ ಫಾಸ್ಫೈಡ್ ಎಂಬ ವಿಷವನ್ನು ಇಡುವ ಮುನ್ನ ಎರಡು ಮೂರು ದಿನ ಎಣ್ಣೆ ಸವರಿದ ಬರಿಯ ಕಾಳನ್ನು ಇಟ್ಟು ರೂಢಿ ಮಾಡಿಸಬೇಕೆಂದು ಕೃಷಿಪಂಡಿತರು ಹೇಳುವರು. ಇಲ್ಲಿ ಆಶ್ಚರ್ಯಪಡತಕ್ಕ ಮಾತೊಂದಿದೆ. ಇಲಿಗೆ ಹೊಟ್ಟೆನೋವು ಬಂದದ್ದು ಬಿಲದೊಳಗೆ, ತಿಂದು ಬಹಳ ಹೊತ್ತಿನ ಮೇಲೆ. ನಡುವೆ ಅದು ಎಷ್ಟೋ ದಾರಿಗಳನ್ನು ನಡೆಯಿತು, ಎಷ್ಟೋ ಸದ್ದುಗಳನ್ನು ಕೇಳಿತು. ಆದರೂ ತಪ್ಪನ್ನು ಬಿಲದ ಮೇಲೆಯಾಗಲಿ ಸದ್ದಿನ ಮೇಲೆಯಾಗಲಿ ಹೊರಿಸದೆ, ಎಂದೋ ಕಡಿದ ಕಾಳಿನ ರುಚಿಯ ಮೇಲೆಯೇ ಹೊರಿಸಿತು.

ಒಂದು ಕಾಲದಲ್ಲಿ ಮನಶ್ಶಾಸ್ತ್ರಜ್ಞರಲ್ಲಿ ಬಹುಮಂದಿ ಇದನ್ನು ನಂಬಲು ಸಿದ್ಧರಿರಲಿಲ್ಲ. ಯಾವ ಗುರುತನ್ನು ಯಾವ ಫಲದೊಡನೆ ಜೋಡಿಸಿದರೂ ಪ್ರಾಣಿಯು ಸಮನಾಗಿ ಕಲಿಯುವುದೆಂದೂ, ಗುರುತು ಮತ್ತು ಫಲಗಳ ನಡುವೆ ಕ್ಷಣಗಳಿಗಿಂತ ಹೆಚ್ಚು ಅಂತರವಿರಬಾರದೆಂದೂ ಅವರ ಸಿದ್ಧಾಂತ. ಅಮೆರಿಕಾ ದೇಶದ ಜಾನ್ ಗಾರ್ಸಿಯಾ ಎಂಬವರು ಕೋಲಿಂಗ್ ಎಂಬ ಸಹೋದ್ಯೋಗಿಯೊಡನೆ 1966ನೆಯ ಇಸವಿಯಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗವು ಈ ಸಿದ್ಧಾಂತವನ್ನು ಅಲುಗಿಸಿತು. ಅದರ ಏರ್ಪಾಡನ್ನು ನಮ್ಮ ಹಿರಿಯ ತರಗತಿಯ ಬಾಲಿಕೆಯರೂ ತಿಳಿಯಬಲ್ಲರು. ಇಲಿಗಳಿಗೆ ರುಚಿಗಟ್ಟಿದ ನೀರನ್ನು ಕೊಟ್ಟರು. ಇಲಿಯು ನಾಲಗೆ ಚಾಚಿದಾಗಲೆಲ್ಲ ದೀಪವು ಮಿನುಗಿ ಟಕ್ಕೆಂಬ ಸದ್ದಾಗುವಂತೆ ಮಾಡಿದರು. ಹೀಗೆ ರುಚಿ, ಬೆಳಕು, ಸದ್ದು ಮೂರೂ ಒಂದೇ ನೀರಿನಲ್ಲಿ ಕೂಡಿದವು. ಬಳಿಕ ಕೆಲವು ಇಲಿಗಳಿಗೆ ಎಕ್ಸ್‌ರೇ ಕಿರಣದಿಂದಲೋ ಲಿಥಿಯಂ ಲವಣದಿಂದಲೋ ಹೊಟ್ಟೆಯನ್ನು ಕೆಡಿಸಿದರು. ಬೇರೆ ಕೆಲವಕ್ಕೆ ಕಾಲಿಗೆ ವಿದ್ಯುತ್ತಿನ ಪೆಟ್ಟು ಕೊಟ್ಟರು. ಕಡೆಯಲ್ಲಿ ಕೂಡಿದ್ದನ್ನು ಬಿಡಿಸಿದರು: ಒಮ್ಮೆ ಬೆಳಕು ಸದ್ದುಗಳಿಲ್ಲದ ರುಚಿಯ ನೀರು, ಮತ್ತೊಮ್ಮೆ ರುಚಿಯಿಲ್ಲದೆ ಬೆಳಕು ಸದ್ದುಗಳುಳ್ಳ ನೀರು.

ಫಲವು ಸ್ಪಷ್ಟವಾಗಿತ್ತು. ಹೊಟ್ಟೆ ಕೆಟ್ಟ ಇಲಿಗಳು ರುಚಿಯ ನೀರನ್ನು ಬಿಟ್ಟವು. ಬೆಳಕಿನ ನೀರನ್ನು ಅಂಜದೆ ಕುಡಿದವು. ಪೆಟ್ಟು ತಿಂದವು ಬೆಳಕಿನ ನೀರಿಗೆ ಅಂಜಿದವು. ರುಚಿಯ ನೀರನ್ನು ಕುಡಿದವು. ಈ ಏರ್ಪಾಡಿನ ಬಿಗಿಯನ್ನು ಗಮನಿಸಬೇಕು. ಹೊಟ್ಟೆ ಕೆಟ್ಟ ಇಲಿಗಳನ್ನು ಮಾತ್ರವೇ ನೋಡಿದ್ದರೆ, ಇಲಿಯ ಕಣ್ಣು ಕಿವಿಗಳು ಮಂದವೆಂದು ಯಾರಾದರೂ ಹೇಳಬಹುದಾಗಿತ್ತು. ಪೆಟ್ಟು ತಿಂದವನ್ನು ಮಾತ್ರವೇ ನೋಡಿದ್ದರೆ, ಅದರ ನಾಲಗೆಯೇ ಮಂದವೆನ್ನಬಹುದಾಗಿತ್ತು. ಎರಡು ಗುರುತುಗಳನ್ನೂ ಎರಡು ಫಲಗಳನ್ನೂ ಅಡ್ಡಡ್ಡವಾಗಿ ಜೋಡಿಸಿದ್ದರಿಂದಲೇ ಎರಡು ಆಕ್ಷೇಪಗಳೂ ಬಿದ್ದುಹೋದವು. ಇಲಿಯು ರುಚಿಯನ್ನು ಬಲ್ಲದು, ಬೆಳಕನ್ನೂ ಬಲ್ಲದು. ಆದರೆ ಹೊಟ್ಟೆನೋವಿಗೆ ರುಚಿಯನ್ನೂ ಮೈನೋವಿಗೆ ಕಂಡು ಕೇಳಿದುದನ್ನೂ ಕಾರಣವೆಂದು ಹಿಡಿಯುವ ಹುಟ್ಟೊಲವು ಅದರಲ್ಲಿದೆ. 1971ನೆಯ ಇಸವಿಯಲ್ಲಿ ಬೇರೆ ಪಂಡಿತರು ಲಾವುಗೆ ಹಕ್ಕಿಗಳಿಗೆ ಹುಳಿಯಾದ ನೀಲಿ ನೀರನ್ನು ಕುಡಿಸಿ ಹೊಟ್ಟೆ ಕೆಡಿಸಿದಾಗ, ಆ ಹಕ್ಕಿಗಳು ಹುಳಿಗಿಂತ ನೀಲಿಯನ್ನೇ ಹೆಚ್ಚಾಗಿ ದೂರವಿಟ್ಟವು. ಕತ್ತಲೆಯಲ್ಲಿ ಮೂಸಿ ತಿನ್ನುವ ಇಲಿಗೆ ನಾಲಗೆಯೂ, ಹಗಲಿನಲ್ಲಿ ಕಣ್ಣಿಟ್ಟು ಕಾಳನ್ನು ಹೆಕ್ಕುವ ಹಕ್ಕಿಗೆ ಕಣ್ಣೂ ಸಾಕ್ಷಿಯಾದವು. ಇಲಿಗೆ ಕೇಳತಕ್ಕ ಪ್ರಶ್ನೆಯನ್ನು ಹಕ್ಕಿಗೆ ಕೇಳಿ, ಅದು ಉತ್ತರ ಕೊಡಲಿಲ್ಲವೆಂದು ಹಕ್ಕಿಯನ್ನು ದಡ್ಡನೆನ್ನುವುದು ನ್ಯಾಯವಲ್ಲವೆಂಬುದು ಇದರಿಂದ ತಿಳಿಯುವುದು.

ಹಂಪೆಯ ಗುಡಿಗಳಲ್ಲಿ ಬಾಳೆಹಣ್ಣು ಕಳೆದುಕೊಂಡವರಿಗೆ ಮಂಗಗಳ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಮಂಗವು ಕಂಡದ್ದನ್ನೆಲ್ಲ ಅನುಕರಿಸುವುದೆಂದು ಗಾದೆಯೇ ಇದೆಯಷ್ಟೆ. ಆದರೆ ಅದು ಕಂಡದ್ದನ್ನೆಲ್ಲ ಸಮನಾಗಿ ಕಲಿಯುವುದೇ? ಸೂಸನ್ ಮಿನೆಕಾ ಎಂಬ ವಿದುಷಿಯೂ ಮೈಕೆಲ್ ಕುಕ್ ಎಂಬವರೂ ಇದನ್ನು ಪರೀಕ್ಷಿಸಿದ ರೀತಿಯು ಬಹು ಸೊಗಸಾದುದು. ಪ್ರಯೋಗಶಾಲೆಯಲ್ಲಿಯೇ ಹುಟ್ಟಿ ಬೆಳೆದು, ಹಾವನ್ನು ಎಂದೂ ಕಾಣದ ಮಂಗಗಳು ಹಾವಿಗೆ ಹೆದರಲಿಲ್ಲ. ಹಾವಿಗೆ ಹೆದರಿ ಕಿರುಚುವ ಬೇರೊಂದು ಮಂಗದ ಚಲಚ್ಚಿತ್ರವನ್ನು ತೋರಿಸಿದಾಗ ಅವು ಬೇಗನೆ ಹೆದರಿಕೆಯನ್ನು ಕಲಿತವು. ಆ ಮೇಲೆ ಪಂಡಿತರು ಅದೇ ಚಿತ್ರವನ್ನು ಕತ್ತರಿಸಿ ಜೋಡಿಸಿ, ಅದೇ ಮಂಗವು ಹೂವಿಗೆ ಹೆದರುತ್ತಿರುವಂತೆ ಕಾಣಿಸಿದರು. ಅದೇ ಕಿರುಚಾಟ, ಅದೇ ಓಟ. ಎದುರಿಗಿದ್ದ ವಸ್ತುವು ಮಾತ್ರ ಬೇರೆ. ನೋಡಿದ ಮಂಗಗಳು ಹೂವಿಗೆ ಹೆದರಲು ಕಲಿಯಲಿಲ್ಲ. ಹಾವಿನ ಭಯವು ಹುಟ್ಟಿನಿಂದಲೇ ತುಂಬಿಬಂದುದಲ್ಲ. ಬರಿಯ ಪಾಠದಿಂದ ಬಂದುದೂ ಅಲ್ಲ. ಪಾಠವು ಬೇಕು, ಆದರೆ ಆ ಪಾಠಕ್ಕೆ ಮನಸ್ಸು ಮೊದಲೇ ಹದವಾಗಿ ಕಾದಿರುತ್ತದೆ. ಒಲವು ಮತ್ತು ಕಲಿಕೆಗಳು ಒಂದನ್ನೊಂದು ಅಳಿಸದೆ ಕೂಡಿಯೇ ಕೆಲಸಮಾಡುವುವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಅರಿಯೆವು.

ಇಷ್ಟು ಕಠಿಣವಾದ ಪ್ರಯೋಗಗಳಿಗೆ ದೊಡ್ಡ ವಿಶ್ವವಿದ್ಯಾನಿಲಯಗಳೇ ಬೇಕೆಂದು ಹಳ್ಳಿಯ ಉಪಾಧ್ಯಾಯಿನಿಯು ನಿಟ್ಟುಸಿರು ಬಿಡಬೇಕಾಗಿಲ್ಲ. ಚಾರ್ಲ್ಸ್ ಹೆನ್ರಿ ಟರ್ನರ್ ಎಂಬ ಮಹನೀಯರು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದರು. 1867ರಲ್ಲಿ ಅಮೆರಿಕಾದ ಕಪ್ಪು ಜನರ ಮನೆಯಲ್ಲಿ ಹುಟ್ಟಿ, 1907ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದರೂ, ಅವರ ಯೋಗ್ಯತೆಗೆ ತಕ್ಕ ವಿಶ್ವವಿದ್ಯಾನಿಲಯದ ಸ್ಥಾನವು ಅವರಿಗೆ ದೊರೆಯಲಿಲ್ಲ. 1908ರಿಂದ ಸೇಂಟ್ ಲೂಯಿಸ್ ನಗರದ ಸಮ್ನರ್ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತ, ಉದ್ಯಾನದಲ್ಲಿ ಬಣ್ಣದ ಬಿಲ್ಲೆಗಳ ಮೇಲೆ ಜೇನನ್ನಿಟ್ಟು, ಜೇನುನೊಣಗಳು ಬಣ್ಣವನ್ನು ಕಲಿಯುವುವೇ ಎಂದು ಪರೀಕ್ಷಿಸಿ 1910ರಲ್ಲಿ ಪ್ರಕಟಿಸಿದರು. ಅವರ ನೊಣಗಳು ಕೆಂಪು ಬಿಲ್ಲೆಯನ್ನು ಹುಡುಕಿಕೊಂಡು ಬಂದದ್ದು ನಿಜ. ಆದರೆ ಬಣ್ಣದಿಂದ ಗುರುತಿಸಿದವೋ, ಬಿಲ್ಲೆಯ ಕಪ್ಪು ಛಾಯೆಯಿಂದಲೋ? 1914ರಲ್ಲಿ ಕಾರ್ಲ್ ಫಾನ್ ಫ್ರಿಷ್ ಎಂಬವರು ಒಂದು ನೀಲಿ ಕಾಗದವನ್ನು ಬಿಳುಪಿನಿಂದ ಕಪ್ಪಿನವರೆಗಿನ ಎಲ್ಲಾ ಬೂದು ಛಾಯೆಗಳ ಕಾಗದಗಳ ನಡುವೆ ಇಟ್ಟರು. ನೊಣಗಳು ನೀಲಿಯನ್ನು ತಪ್ಪದೆ ಹುಡುಕಿದವು; ಆದರೆ ಕೆಂಪನ್ನು ಕಪ್ಪು ಬೂದಿನೊಡನೆ ಬೆರೆಸಿಕೊಂಡವು. ಫ್ರಿಷ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕವು ಬಂತು. ಮೊದಲು ದಾರಿ ತೆರೆದ ಉಪಾಧ್ಯಾಯರಾದರೋ 1923ರಲ್ಲಿಯೇ ತೀರಿಕೊಂಡಿದ್ದರು.

ಟರ್ನರ್ ಅವರ ಕಥೆಯನ್ನು ಓದಿದ ಮೇಲೆ ನಾವು ನಮ್ಮ ಅಂಗಳದಲ್ಲಿಯೂ ತುಡುವೆ ಜೇನುಗಳಿಗಾಗಿ ಒಂದು ಮಣೆಯನ್ನಿಟ್ಟೆವು. ನೀಲಿ ಮತ್ತು ಹಳದಿ ಕಾಗದದ ಚೌಕಗಳು, ಅವುಗಳ ಮೇಲೆ ಗಾಜಿನ ಬಟ್ಟಲುಗಳು. ನೀಲಿಯ ಮೇಲಿನ ಬಟ್ಟಲಿನಲ್ಲಿ ಸಕ್ಕರೆಯ ಪಾನಕ, ಹಳದಿಯ ಮೇಲಿನದರಲ್ಲಿ ಬರಿಯ ನೀರು. ಸುತ್ತಲಿನ ಬಾಲಿಕೆಯರು ಎಣಿಸುವ ಕೆಲಸವನ್ನು ವಹಿಸಿಕೊಂಡರು. ಎರಡು ದಿನಗಳಲ್ಲಿ ನೊಣಗಳು ನೀಲಿಗೇ ಮುತ್ತಿಕೊಳ್ಳಲಾಗಿ, ಜೇನಿಗೆ ನೀಲಿಯೆಂದರೆ ಪ್ರೀತಿ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ತಾಂಡಾದಿಂದ ಬರುತ್ತಿದ್ದ ಒಬ್ಬ ಲಂಬಾಣಿ ಬಾಲಿಕೆಯು ಮಾತ್ರ ಸುಮ್ಮನಿದ್ದು, ಸ್ವಲ್ಪ ಹೊತ್ತಿನ ಮೇಲೆ, "ಅಕ್ಕೋರೇ, ಪಾನಕದ ವಾಸನೆಗೇ ಬಂದಿರಬಹುದಲ್ಲಾ? ಬಟ್ಟಲು ಬರಿದು ಮಾಡಿ ಇಟ್ಟು ನೋಡೋಣ" ಎಂದಳು. ನಾವು ಹೇಳಿಕೊಡಬೇಕೆಂದಿದ್ದ ಪಾಠವನ್ನು ಅವಳೇ ಹೇಳಿದಳು. ಅವಳ ಮಾತಿನಂತೆ ಬಟ್ಟಲುಗಳನ್ನು ತೊಳೆದು ಬರಿದಾಗಿಟ್ಟು, ಹೊಸ ಕಾಗದಗಳನ್ನು ಹಾಸಿ, ಎಡದ್ದನ್ನು ಬಲಕ್ಕೆ ಬದಲಿಸಿ ಎಣಿಸಿದೆವು. ನೊಣಗಳು ನೀಲಿಗೇ ಬಂದವು. ಮುಂದಿನ ವಾರ ಹಳದಿಗೆ ಪಾನಕವನ್ನಿಟ್ಟು ಅದೇ ಪರೀಕ್ಷೆಯನ್ನು ನಡೆಸಲು, ನೊಣಗಳು ಹಳದಿಯನ್ನೂ ಕಲಿತವು. ನೀಲಿಯೊಂದರ ಮೇಲೆಯೇ ಪ್ರೀತಿಯೆಂಬ ಮೊದಲಿನ ಮಾತು ನಿಲ್ಲಲಿಲ್ಲ. ಜೇನಿಗೆ ಬಣ್ಣಗಳಲ್ಲಿ ಭೇದವೇ ಇಲ್ಲವೆಂದಲ್ಲ. ಜರ್ಮನಿಯ ಮೆಂಜೆಲ್ ಎಂಬ ಪಂಡಿತರು ಒಂದೊಂದು ಬಣ್ಣಕ್ಕೂ ಸಮನಾದ ಪಾಠವನ್ನು ಕೊಟ್ಟು ಎಣಿಸಿ, ಜೇನು ನೇರಳೆಯನ್ನು ಬಹು ಬೇಗನೆಯೂ ಹಸಿರನ್ನು ನಿಧಾನವಾಗಿಯೂ ಕಲಿಯುವುದೆಂದು ತೋರಿಸಿದ್ದಾರೆ. ಸಮನಾದ ಪಾಠವನ್ನು ಕೊಟ್ಟ ಮೇಲೆಯೇ ಅವರು ಹಾಗೆ ಹೇಳಿದರೆಂಬುದು ಇಲ್ಲಿ ಮುಖ್ಯ.

ಈ ಪ್ರಶ್ನೆಯನ್ನು ಕೇಳಿದ ಬಾಲಿಕೆಯ ತಂದೆಯು ಅದೇ ತಿಂಗಳಲ್ಲಿ ಅವಳನ್ನು ಶಾಲೆಯಿಂದ ಬಿಡಿಸಲು ಬಂದನು. "ಅಕ್ಕೋರೇ, ನಮ್ಮ ಹುಡುಗಿಗೆ ಲೆಕ್ಕ ಹತ್ತಾಂಗಿಲ್ಲ ಅಂತ ಹೇಳ್ಯಾರ. ಸೂಜಿ ದಾರ ಕೊಟ್ಟರೆ ಕೈ ತಾನಾಗೇ ಓಡತದ. ನಮ್ಮ ಮಕ್ಕಳು ಹುಟ್ಟಿದ್ದೇ ಅದಕ್ಕ ಅಂತ" ಎಂದನು. ಯಾರು ಹೇಳಿದರೆಂಬುದನ್ನು ಇಲ್ಲಿ ಬರೆಯಬೇಕಾದುದಿಲ್ಲ. ಹಾಗೆ ಹೇಳುವವರು ಎಲ್ಲಾ ಊರುಗಳಲ್ಲಿಯೂ ಇದ್ದಾರೆ. ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯು ದೊರೆತಿದೆ; ಆ ಕೌಶಲವು ನಮ್ಮ ಸೀಮೆಯ ಭೂಷಣವೇ ಸರಿ. ಆದರೆ ತಾಯಿಯ ಕೈಯಲ್ಲಿ ಕಸೂತಿಯಿದೆಯೆಂಬ ಕಾರಣದಿಂದ ಮಗಳ ತಲೆಯಲ್ಲಿ ಗಣಿತವಿರಲಾರದೆಂದು ತೀರ್ಮಾನಿಸಲು ಯಾವ ಪ್ರಯೋಗವು ನಡೆದಿತ್ತು? ಆ ಮಾತನ್ನು ಕೇಳಿದಾಗ, ಹುಟ್ಟೊಲವು ಎಂಬ ಶಬ್ದವು ಅಸಡ್ಡೆಯುಳ್ಳವರ ಬಾಯಲ್ಲಿ ಎಂಥ ಆಯುಧವಾಗಬಲ್ಲದೆಂಬುದನ್ನು ಕಣ್ಣಾರೆ ಕಂಡೆವು.

ನಾವು ತಂದೆಯಿಂದ ಎರಡು ವಾರಗಳ ಅವಧಿಯನ್ನು ಬೇಡಿ ಪಡೆದೆವು. ಒಂದೇ ಕಷ್ಟದ ಗುಣಾಕಾರ ಭಾಗಾಕಾರಗಳನ್ನು ನಾಲ್ಕು ಬಗೆಯಾಗಿ ಸಿದ್ಧಪಡಿಸಿದೆವು. ಮೊದಲನೆಯದು ಅಂಕಿಗಳು ಮಾತ್ರ; ಎರಡನೆಯದು ಪಠ್ಯಪುಸ್ತಕದ ಕನ್ನಡದಲ್ಲಿ ಬರೆದ ಸಮಸ್ಯೆ; ಮೂರನೆಯದು ಸಂತೆಯ ಕನ್ನಡದಲ್ಲಿ ಬಾಯಿಂದ ಕೇಳಿದುದು; ನಾಲ್ಕನೆಯದು ಜೊತೆಗಾತಿಯೊಬ್ಬಳು ಲಂಬಾಣಿ ನುಡಿಯಲ್ಲಿ ಕೇಳಿದುದು. ಒಂದು ಪಟ್ಟಿಗೆ 24 ಕನ್ನಡಿಗಳಾದರೆ 7 ಪಟ್ಟಿಗಳಿಗೆ ಎಷ್ಟು ಎಂಬುದೂ, 24 ಹಣ್ಣುಗಳ 7 ಪೆಟ್ಟಿಗೆಗಳಲ್ಲಿರುವ ಹಣ್ಣುಗಳ ಒಟ್ಟು ಸಂಖ್ಯೆ ಎಷ್ಟು ಎಂಬುದೂ ಗಣಿತದಲ್ಲಿ ಒಂದೇ ಅಲ್ಲವೇ? ಉತ್ತರವು ನೆನಪಿನಿಂದ ಬಾರದಿರಲೆಂದು ಅಂಕಿಗಳನ್ನು ಬದಲಿಸುತ್ತ ಹೋದೆವು. ಅಭ್ಯಾಸದ ಫಲವನ್ನು ಭಾಷೆಯ ಫಲವೆಂದು ತಿಳಿಯದಿರಲೆಂದು ದಿನದಿನಕ್ಕೆ ಬಗೆಗಳ ಅನುಕ್ರಮವನ್ನೂ ತಿರುಗಿಸಿದೆವು. ಮನೆಯಲ್ಲಿ ಕನ್ನಡವಾಡುವ ಕೆಲವು ಬಾಲಿಕೆಯರಿಗೂ ಮೊದಲ ಮೂರು ಬಗೆಗಳನ್ನು ಕೊಟ್ಟೆವು. ಅವರು ಮೂರರಲ್ಲಿಯೂ ಸರಿಸುಮಾರು ಒಂದೇ ಸಮನಾಗಿ ನಡೆದರು. ನಮ್ಮ ಬಾಲಿಕೆಯಾದರೋ ಅಂಕಿಗಳಲ್ಲಿಯೂ, ಸಂತೆಯ ಮಾತಿನಲ್ಲಿಯೂ, ತನ್ನ ನುಡಿಯಲ್ಲಿಯೂ ಅವರಿಗೆ ಏನೂ ಕಡಿಮೆಯಾಗಲಿಲ್ಲ. ಪುಸ್ತಕದ ಕನ್ನಡದಲ್ಲಿ ಮಾತ್ರ ಬಹುಪಾಲು ತಪ್ಪಿದಳು. ಅವಳಿಗೆ ಹತ್ತದಿದ್ದುದು ಲೆಕ್ಕವಲ್ಲ, ಲೆಕ್ಕಕ್ಕೆ ತೊಡಿಸಿದ್ದ ಮಾತು. ಪುಸ್ತಕದ ಪರೀಕ್ಷೆಯಲ್ಲಿ ಗಣಿತ ಮತ್ತು ಭಾಷೆಗಳೆರಡೂ ಗಾರ್ಸಿಯಾ ಅವರ ನೀರಿನಂತೆ ಒಂದೇ ಬಟ್ಟಲಿನಲ್ಲಿ ಕೂಡಿದ್ದವು. ಯಾರೂ ಅವನ್ನು ಬಿಡಿಸಿ ನೋಡಿರಲಿಲ್ಲ.

ಒಬ್ಬ ಬಾಲಿಕೆಯ ಪರೀಕ್ಷೆಯಿಂದ ಲೋಕಕ್ಕೆಲ್ಲ ಸಿದ್ಧಾಂತವನ್ನು ಕಟ್ಟುವ ಸಾಹಸಕ್ಕೆ ನಾವು ಹೋಗೆವು. ಇಲಿಯ ನಿಯಮವನ್ನು ಹಾಗೆಯೇ ಮಕ್ಕಳ ಮೇಲೆ ಹೊರಿಸುವುದೂ ಸರಿಯಲ್ಲ. ಮನುಷ್ಯರಲ್ಲಿ ಹುಟ್ಟೊಲವುಗಳೇ ಇಲ್ಲವೆಂದೂ ನಾವು ಹೇಳುವವರಲ್ಲ. ಆದರೆ ಅಂಥ ಒಲವಿದೆಯೆಂದು ಸ್ಥಾಪಿಸುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಏಮಿ ಡನ್‌ಲಪ್ ಎಂಬ ವಿದುಷಿಯೂ ಡೇವಿಡ್ ಸ್ಟೀಫನ್ಸ್ ಎಂಬವರೂ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಳೆತ ಹಣ್ಣಿಗೆ ಮುತ್ತುವ ಸಣ್ಣ ನೊಣಗಳನ್ನು 40 ತಲೆಮಾರುಗಳ ಕಾಲ ಸಾಕಿದರು. ಮೊಟ್ಟೆಯಿಡುವ ತಾಣದಲ್ಲಿ ಕಹಿಯಾದ ಕ್ವಿನೈನ್ ಇರುವುದೆಂಬ ಎಚ್ಚರಿಕೆಗೆ ಕೆಲವು ಗುಂಪುಗಳಲ್ಲಿ ವಾಸನೆಯನ್ನು ನಂಬಬಹುದಾದ ಗುರುತಾಗಿಯೂ, ಕೆಲವು ಗುಂಪುಗಳಲ್ಲಿ ಬಣ್ಣವನ್ನು ನಂಬಬಹುದಾದ ಗುರುತಾಗಿಯೂ ಏರ್ಪಡಿಸಿದರು. 40 ತಲೆಮಾರುಗಳ ಮೇಲೆ ನೋಡಲು, ವಾಸನೆಯನ್ನು ನಂಬಿ ಬದುಕಿದವರ ಸಂತತಿಯು ವಾಸನೆಯ ಪಾಠವನ್ನೂ, ಬಣ್ಣವನ್ನು ನಂಬಿದವರ ಸಂತತಿಯು ಬಣ್ಣದ ಪಾಠವನ್ನೂ ಹೆಚ್ಚು ಚೆನ್ನಾಗಿ ಕಲಿಯುವಂತಾಗಿದ್ದವು. ಒಂದು ನೊಣದ ಒಲವನ್ನು ಕುರಿತು ಒಂದು ವಾಕ್ಯವನ್ನು ಬರೆಯಲು ಇಷ್ಟು ತಲೆಮಾರುಗಳ ಎಣಿಕೆಯೂ ಇಷ್ಟು ಸಮತೂಕದ ಏರ್ಪಾಡೂ ಬೇಕಾದವು. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿಯಾದರೋ ಜಗುಲಿಯ ಮೇಲೆ ಕುಳಿತು ಅರೆ ನಿಮಿಷದಲ್ಲಿ ತೀರ್ಪು ಕೊಡುವರು.

ಆದಕಾರಣ, ಪ್ರಿಯ ಸಹೋದರಿಯರೇ, ಮಾನ್ಯ ಮಾತಾಪಿತೃಗಳೇ, ಮಗುವಿಗೆ ಇಂಥದು ಹತ್ತದೆಂಬ ಮಾತು ನಿಮ್ಮ ಕಿವಿಗೆ ಬಿದ್ದಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ಅದನ್ನು ಬೇರೊಂದು ಬಗೆಯಲ್ಲಿ ಕೇಳಿ ನೋಡಿದ್ದಾಯಿತೇ? ಅದೇ ಪರೀಕ್ಷೆಯನ್ನು ಅದೇ ರೀತಿಯಾಗಿ ಬೇರೆ ಮಕ್ಕಳಿಗೂ ಕೊಟ್ಟಿದ್ದಾಯಿತೇ? ಕೂಡಿಕೊಂಡಿರುವ ಎರಡು ಸಂಗತಿಗಳನ್ನು ಯಾರಾದರೂ ಬಿಡಿಸಿ ನೋಡಿದರೇ? ಇಲಿಗೂ ಜೇನಿಗೂ ಪಂಡಿತರು ಸಲ್ಲಿಸಿದ ಈ ನ್ಯಾಯವನ್ನು ನಿಮ್ಮ ಮಗಳಿಗೂ ಸಲ್ಲಿಸಿರಿ. ಇವಿಷ್ಟೂ ಆದ ಮೇಲೆಯೂ ಅವಳಿಗೆ ಒಂದು ವಿದ್ಯೆಗಿಂತ ಮತ್ತೊಂದರಲ್ಲಿ ಹೆಚ್ಚು ಒಲವಿದೆಯೆಂದು ಕಂಡುಬಂದರೆ ದುಃಖಕ್ಕೆ ಕಾರಣವಿಲ್ಲ. ದೇವರು ಕೊಟ್ಟ ವರಗಳು ನಾನಾ ವಿಧವಾದವು.

ಆ ತಂದೆಯು ಎರಡು ವಾರಗಳ ಮೇಲೆ ಬಂದು ಮಗಳ ಉತ್ತರಗಳ ಹಾಳೆಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದನು. ಓದಲು ಬಾರದವನಾದರೂ ಸರಿಯೆಂಬ ಗುರುತನ್ನು ಎಣಿಸಬಲ್ಲವನಾಗಿದ್ದನು. "ಹಂಗಾದ್ರ ಇರಲಿ ಬಿಡ್ರಿ, ಅಕ್ಕೋರೇ" ಎಂದು ಹೇಳಿ ಹೊರಟುಹೋದನು. ಬಾಲಿಕೆಯು ಈಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪುಸ್ತಕದ ಕನ್ನಡವು ಅವಳಿಗೆ ಇನ್ನೂ ಸುಲಭವಾಗಿಲ್ಲ. ಅದಕ್ಕಾಗಿ ಸಾಯಂಕಾಲಗಳಲ್ಲಿ ಒಂದು ಘಂಟೆಯನ್ನು ಮೀಸಲಿಟ್ಟಿದ್ದೇವೆ. ರಜಾದಿನಗಳಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಕಸೂತಿಯನ್ನೂ ಹಾಕುತ್ತಾಳೆ. ನಮ್ಮ ಹಳೆಯ ಶಾಲೆಯು ಇಂಥ ಎಷ್ಟೋ ಬಾಲಿಕೆಯರಿಗೆ ಬಾಗಿಲನ್ನು ತೆರೆದುದನ್ನು ಕೃತಜ್ಞತೆಯಿಂದ ನೆನೆಯುತ್ತ, ಆ ಬಾಗಿಲು ಮುಂದೆಯೂ ತೆರೆದೇ ಇರುವಂತೆ ಕರುಣಾಮಯನಾದ ದೇವರು ಅನುಗ್ರಹಿಸಲೆಂದು ಬೇಡಿಕೊಳ್ಳುತ್ತೇವೆ.